ಗೇರ್ ಬೀಳದ ಗಾಡಿ: ಬೇರೆ ಮನೆಯಿಂದ ಒಂದೇ ಒಲೆಗೆ

ಹುಮನಾಬಾದ್ ಆಗಲಿ ಬಸವಕಲ್ಯಾಣ ಆಗಲಿ, ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿ ಗೇರ್ ಬೀಳ್ತಿಲ್ಲ ಎಂದರೆ ಅನುಭವಸ್ಥ ಮಿಸ್ತ್ರಿ ತಕ್ಷಣ ಪಾನಾ ಎತ್ತಿಕೊಳ್ಳುವುದಿಲ್ಲ. ಮೊದಲು ಒಂದು ಪ್ರಶ್ನೆ ಬರುತ್ತದೆ. ಗಾಡಿ ಚಾಲೂ ಇದ್ದಾಗಷ್ಟೇ ಬೀಳಲ್ಲವೋ, ಬಂದ್ ಇದ್ದಾಗಲೂ ಬೀಳಲ್ಲವೋ? ಬಂದ್ ಇದ್ದಾಗ ಗಾಡಿಯನ್ನು ಹಿಂದೆ ಮುಂದೆ ಅಲ್ಲಾಡಿಸಿದರೆ ಗೇರ್ ಸಲೀಸಾಗಿ ಬೀಳುತ್ತದೆ, ಚಾಲೂ ಮಾಡಿದಾಗ ಮಾತ್ರ ಕಟಕಟ ಅಂದು ಹಟ ಮಾಡುತ್ತದೆ ಎಂದಾದರೆ ತಪ್ಪು ಗೇರ್ ಬಾಕ್ಸಿನದಲ್ಲ. ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಕೇಬಲ್ ಸಡಿಲಾಗಿರಬಹುದು, ಪ್ಲೇಟ್ ಸೊಟ್ಟಗಾಗಿರಬಹುದು. ಬಂದ್ ಇದ್ದಾಗಲೂ ಬೀಳದಿದ್ದರೆ ಮಾತ್ರ ಒಳಗಿನ ಫೋರ್ಕು, ಡ್ರಮ್ಮು, ಲಿವರಿನ ಶಾಫ್ಟು ಇವುಗಳ ಮೇಲೆ ಅನುಮಾನ ಹೋಗಬೇಕು.

ಈ ಒಂದು ಪ್ರಶ್ನೆ ಕೇಳದೆ ಇಂಜಿನ್ ಬಿಚ್ಚಬೇಕು ಎಂದುಬಿಡುವವರೂ ಇದ್ದಾರೆ. ಆ ಎರಡು ಪದ ಕೇಳಿದರೆ ನಮ್ಮ ಕಡೆಯ ಜನರ ಮುಖ ಸಣ್ಣದಾಗುತ್ತದೆ. ಹಾಲು ಹಾಕುವವರಿಗೆ, ಹೊಲಕ್ಕೆ ಗೊಬ್ಬರದ ಚೀಲ ಒಯ್ಯುವವರಿಗೆ, ಸಕ್ಕರೆ ಕಾರ್ಖಾನೆಯ ಕಡೆ ದುಡಿಯಲು ಹೋಗುವವರಿಗೆ ಅದು ಹಲವು ದಿನದ ಗಳಿಕೆ, ಜೊತೆಗೆ ಗಾಡಿ ಇಲ್ಲದ ಹಲವು ದಿನ. ಸುದ್ದಿಗಾಗಿ ಎರಡು ಮೂರು ತಾಲೂಕು ಸುತ್ತುವ ನಮ್ಮಂಥವರಿಗೂ ಅಷ್ಟೇ, ಬೈಕೇ ನಮ್ಮ ಕಚೇರಿ. ಹಾಗಾಗಿ ಗೇರಿನ ದೋಷವನ್ನು ಹೊರಗಿನಿಂದಲೇ ಹಿಡಿಯುವ ವಿದ್ಯೆ ಎಲ್ಲಿಂದ ಬಂತು, ಹೇಗೆ ಬದಲಾಯಿತು ಎಂದು ತಿಳಿಯುವ ಕುತೂಹಲ ನಮಗೆ ಬಹಳ ದಿನದಿಂದ ಇತ್ತು. ಕಿವಿ, ಅಂಗಾಲು, ಅಂಗೈ ಎಣ್ಣೆ ಇವುಗಳ ಇತಿಹಾಸವನ್ನು ಯಾವ ಗೆಜೆಟಿಯರೂ ಬರೆಯುವುದಿಲ್ಲ. ಆದರೆ ಯಾವ ಗಾಡಿ ಯಾವಾಗ ಬಂತು, ಅದರ ಗೇರ್ ಬಾಕ್ಸ್ ಹೇಗಿತ್ತು ಎಂಬುದು ಗೊತ್ತಿದ್ದರೆ ಈ ಇತಿಹಾಸವನ್ನು ಬಹುಮಟ್ಟಿಗೆ ಜೋಡಿಸಬಹುದು.

ಮೊದಲು ರಸ್ತೆ. ಈ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1932ರಲ್ಲಿ ನಿಜಾಮರ ರೈಲ್ವೆಯೇ ರಸ್ತೆ ಸಾರಿಗೆ ಇಲಾಖೆ ತೆರೆದು 27 ಬಸ್ಸುಗಳಿಂದ ಶುರು ಮಾಡಿತು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯಲ್ಲಿ ಸೊಲ್ಲಾಪುರದಿಂದ ಹೊರಟ ಸೇನೆ ನಳದುರ್ಗ, ಉಮರ್ಗಾ ದಾಟಿ ನಮ್ಮ ರಾಜೇಶ್ವರಕ್ಕೆ ಬಂದದ್ದು ಇದೇ ರಸ್ತೆಯ ಮೇಲೆ. ಮುಂದೆ ಅದೇ 9ನೇ ರಾಷ್ಟ್ರೀಯ ಹೆದ್ದಾರಿಯಾಯಿತು, ಈಗ 65. ಪುಣೆಯಿಂದ ಹೈದರಾಬಾದಿಗೆ ಹೋಗುವ ಲಾರಿಗಳೆಲ್ಲ ಸಸ್ತಾಪುರ ಬಂಗ್ಲಾ, ರಾಜೇಶ್ವರ, ಹುಮನಾಬಾದ್, ಮನ್ನಾಏಖೇಳಿ ಹಾದು ಜಹೀರಾಬಾದ್ ಸೇರುತ್ತವೆ. ಬೀದರ್–ಕಲಬುರಗಿ ರೈಲು ಮಾರ್ಗ ಲೋಕಾರ್ಪಣೆಯಾದದ್ದು 2017ರ ಅಕ್ಟೋಬರ್ 29ರಂದು. ಅಲ್ಲಿಯವರೆಗೆ ಹುಮನಾಬಾದಿಗೂ ಕಲಬುರಗಿಗೂ ನಡುವೆ ಇದ್ದದ್ದು ರಸ್ತೆ ಮಾತ್ರ. ಲಾರಿಗಳ ಹೆದ್ದಾರಿ ಇರುವಲ್ಲಿ ಗ್ಯಾರೇಜ್ ಹುಟ್ಟುವುದು ಸಹಜ. ಬೈಕ್ ಮಿಸ್ತ್ರಿಗಳ ಮಾತಿನಲ್ಲಿ ಇವತ್ತಿಗೂ ದಖನಿ, ಮರಾಠಿ, ತೆಲುಗು, ಕನ್ನಡ ಎಲ್ಲ ಕಲಸಿಕೊಂಡಿರುವುದಕ್ಕೂ ಈ ರಸ್ತೆಯೇ ಕಾರಣ ಎನ್ನಬಹುದು. (ಕಲ್ಯಾಣದ ಬಗ್ಗೆ ಬರೆಯುವಾಗ ಪ್ರತಿ ಕೈಕೆಲಸಕ್ಕೂ ಕಾಯಕದ ಮಾತು ತಳಕು ಹಾಕುವುದು ರೂಢಿ. ಹನ್ನೆರಡನೇ ಶತಮಾನವನ್ನು ನಾವು ಇಲ್ಲಿ ಅದರ ಪಾಡಿಗೆ ಬಿಡುತ್ತೇವೆ.)

ಇನ್ನು ಗಾಡಿಗಳು. ಮೋಟರ್ ಸೈಕಲ್ಲಿನ ಗೇರಿನ ಕಥೆಯನ್ನು ನಾವು ಮನೆಯ ಭಾಷೆಯಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಮೊದಲು ಇಂಜಿನ್ನಿಗೂ ಗೇರ್ ಬಾಕ್ಸಿಗೂ ಬೇರೆ ಬೇರೆ ಮನೆ ಇತ್ತು. ಆಮೇಲೆ ಮನೆ ಒಂದಾಯಿತು, ಒಲೆ ಬೇರೆ ಉಳಿಯಿತು. ಕೊನೆಗೆ ಮನೆಯೂ ಒಂದು, ಒಲೆಯೂ ಒಂದು. ಪ್ರತಿ ಸಲವೂ ದೋಷ ಹಿಡಿಯುವ ರೀತಿ ಬದಲಾಯಿತು, ತಪ್ಪು ಹಿಡಿದರೆ ತೆರಬೇಕಾದ ಬೆಲೆ ಹೆಚ್ಚಿತು.

ಬೇರೆ ಮನೆಯ ಗಾಡಿ ಎಂದರೆ ಬುಲೆಟ್. ಇಂಗ್ಲೆಂಡಿನ ರೆಡಿಚ್ ಕಂಪನಿ 1955ರಲ್ಲಿ ಮದ್ರಾಸ್ ಮೋಟರ್ಸ್ ಜೊತೆ ಸೇರಿ ಎನ್‌ಫೀಲ್ಡ್ ಇಂಡಿಯಾ ಕಟ್ಟಿತು. ಸೇನೆ ಮತ್ತು ಪೊಲೀಸರಿಗೆ ಹಿಡಿಸಿದ 350 ಸಿಸಿ ಗಾಡಿ ತಿರುವೊಟ್ಟಿಯೂರಿನಲ್ಲಿ ತಯಾರಾಯಿತು. ಅದರ ಅಲ್ಬಿಯಾನ್ ಗೇರ್ ಬಾಕ್ಸ್ ಇಂಜಿನ್ನಿನ ಹಿಂದೆ ಪ್ರತ್ಯೇಕ ಡಬ್ಬಿಯಾಗಿ ಕೂತಿತ್ತು. ಎಡಗಡೆ ಪ್ರೈಮರಿ ಚೈನ್ ಎರಡನ್ನೂ ಜೋಡಿಸುತ್ತಿತ್ತು. ಗೇರ್ ಲಿವರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಒಂದನೇ ಗೇರ್ ಮೇಲಕ್ಕೆ, ಉಳಿದ ಮೂರು ಕೆಳಕ್ಕೆ. ಅದರ ಪಕ್ಕದಲ್ಲಿ ಇನ್ನೊಂದು ಸಣ್ಣ ಲಿವರ್, ಹಿಮ್ಮಡಿಯಿಂದ ಒತ್ತಿದರೆ ಎರಡು, ಮೂರು, ನಾಲ್ಕನೇ ಗೇರಿನಿಂದ ಸೀದಾ ನ್ಯೂಟ್ರಲ್ಲಿಗೆ ಬರುತ್ತಿತ್ತು. ಈ ಸಣ್ಣ ಲಿವರ್ ಸವಾರರಿಗೆ ಸೌಕರ್ಯ, ಮಿಸ್ತ್ರಿಗೆ ಸಾಕ್ಷಿ. ಅದನ್ನು ಒತ್ತಿದರೆ ಸರಿಯಾಗಿ ನ್ಯೂಟ್ರಲ್ ಸಿಗುತ್ತದೆ, ದೊಡ್ಡ ಲಿವರಿನಿಂದ ಮಾತ್ರ ಗೇರ್ ತಪ್ಪುತ್ತಿದೆ ಎಂದರೆ ಅನುಮಾನ ಹಲ್ಲುಗಳ ಮೇಲಲ್ಲ, ಲಿವರ್ ಹಿಂದಿನ ಪಾವಲ್, ಸ್ಪ್ರಿಂಗುಗಳ ಮೇಲೆ. ಕಿಕ್ ಹೊಡೆಯುವ ಬಲವೂ ಕ್ಲಚ್ ಮೂಲಕವೇ ಇಂಜಿನ್ನಿಗೆ ಹೋಗುತ್ತಿದ್ದರಿಂದ ಕಿಕ್ಕೇ ಒಂದು ಪರೀಕ್ಷೆ. ಕಾಲು ತಡೆಯಿಲ್ಲದೆ ಕುಸಿದರೆ ಪ್ಲೇಟ್ ಜಾರುತ್ತಿದೆ, ಇಲ್ಲವೇ ಕಿಕ್ಕಿನ ಹಲ್ಲು ಹೋಗಿದೆ. ಇಷ್ಟಾದರೂ ತಪ್ಪಾಗಿ ಊಹಿಸಿದರೆ ದೊಡ್ಡ ನಷ್ಟವಿರಲಿಲ್ಲ. ಇಂಜಿನ್ ಮುಟ್ಟದೆ, ಡಬ್ಬಿಯನ್ನು ಫ್ರೇಮಿನಲ್ಲೇ ಇಟ್ಟು ಕವರ್ ತೆಗೆದು ಗೇರುಗಳನ್ನು ಹೊರಗೆಳೆಯಬಹುದಿತ್ತು.

1956ರ ನವೆಂಬರ್ 1ರಂದು ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಐದು ವರ್ಷದಲ್ಲಿ ಮೈಸೂರಿನಿಂದಲೇ ಒಂದು ಗಾಡಿ ಹೊರಟಿತು. ರುಸ್ತುಂ ಮತ್ತು ಫಾರೂಖ್ ಇರಾನಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ ಯಾದವಗಿರಿಯಲ್ಲಿ 1961ರಲ್ಲಿ ಉತ್ಪಾದನೆ ಶುರು ಮಾಡಿತು, ಉದ್ಘಾಟಿಸಿದವರು ಜಯಚಾಮರಾಜ ಒಡೆಯರ್. ಜಾವಾ ಮೂಲದಲ್ಲಿ ಚೆಕೊಸ್ಲೊವಾಕಿಯಾದ ಗಾಡಿ. 1929ರಲ್ಲಿ ಯಾನೆಚೆಕ್ ಎಂಬವರು ಜರ್ಮನಿಯ ವಾಂಡರರ್ ಕಂಪನಿಯ ಬೈಕ್ ವಿನ್ಯಾಸ ಕೊಂಡು, ಎರಡೂ ಹೆಸರಿನ ಮೊದಲಕ್ಷರ ಕೂಡಿಸಿ ಇಟ್ಟ ಹೆಸರು ಅದು. 1973ರ ಹೊತ್ತಿಗೆ ಮೈಸೂರಿನ ಗಾಡಿ ಯೆಜ್ಡಿಯಾಯಿತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ನಮ್ಮಿಂದ ಮೈಸೂರು ಎಂಟು ನೂರು ಕಿಲೋಮೀಟರ್ ಆಸುಪಾಸು. ಬಜಾಜ್ ಸ್ಕೂಟರ್ ತಯಾರಾಗುತ್ತಿದ್ದ ಪುಣೆಯ ಆಕುರ್ಡಿ ಇದರ ಅರ್ಧ ದೂರ, ಅದೂ ನಮ್ಮ ಊರ ಮುಂದಿನ ಹೆದ್ದಾರಿಯಲ್ಲೇ.

ಜಾವಾದಲ್ಲಿ ಇಂಜಿನ್, ಗೇರ್ ಬಾಕ್ಸ್ ಒಂದೇ ಕೇಸಿನೊಳಗೆ ಬಂದವು. ಆದರೆ ಅದು ಟೂ ಸ್ಟ್ರೋಕ್. ಇಂಜಿನ್ನಿನ ಎಣ್ಣೆ ಪೆಟ್ರೋಲಿನೊಂದಿಗೆ ಬೆರೆತು ಉರಿದುಹೋಗುತ್ತದೆ, ಗೇರಿನ ಎಣ್ಣೆ ಬೇರೆಯಾಗಿ ಕೆಳಗೆ ಕೂತಿರುತ್ತದೆ. ಒಂದೇ ಮನೆ, ಎರಡು ಒಲೆ. ನಡುವೆ ಇದ್ದದ್ದು ಕ್ರ್ಯಾಂಕಿನ ರಬ್ಬರ್ ಸೀಲ್. ಆ ಸೀಲ್ ಸವೆದರೆ ಇಂಜಿನ್ ಗೇರಿನ ಎಣ್ಣೆಯನ್ನು ಹೀರಿಕೊಂಡು ಸುಡುತ್ತದೆ. ಸೈಲೆನ್ಸರಿನಿಂದ ದಟ್ಟ ಹೊಗೆ, ಗೇರ್ ಬಾಕ್ಸಿನಲ್ಲಿ ಎಣ್ಣೆ ಇಳಿಕೆ, ಸ್ವಲ್ಪ ದಿನಕ್ಕೆ ಗೇರಿನ ಗೋಳಾಟ. ಹೊಗೆ ನೋಡಿ ಗೇರಿನ ಭವಿಷ್ಯ ಹೇಳುವ ಕಲೆ ಈ ಕಾಲದ್ದು. ಮೂರೂ ಬಿಡಿ ದೂರುಗಳಂತೆ ಕಂಡರೂ ಮೂಲ ಒಂದೇ ಸೀಲ್ ಎಂದು ತಿಳಿಯದವರು ಪಿಸ್ಟನ್ನಿನಿಂದ ಹಿಡಿದು ಗೇರಿನವರೆಗೆ ಎಲ್ಲ ಬದಲಿಸಿ ಮತ್ತೆ ಅದೇ ಹೊಗೆ ನೋಡುತ್ತಿದ್ದರು.

ಜಾವಾದ ಇನ್ನೊಂದು ವಿಶೇಷ ಅದರ ಲಿವರ್. ಗೇರ್ ಹಾಕುವುದೂ ಅದೇ, ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕೂ ಅದೇ. ಲಿವರ್ ಮೊದಲ ಸ್ವಲ್ಪ ದೂರ ಚಲಿಸುವಾಗ ಒಳಗಿನ ಕ್ಯಾಮ್ ಕ್ಲಚ್ಚನ್ನು ತಾನೇ ಬಿಡಿಸುತ್ತದೆ. ಕೈಕ್ಲಚ್ ಹಿಡಿಯದೆಯೂ ಗೇರ್ ಬದಲಿಸಬಹುದು. ಇದರಿಂದ ದೋಷ ಹಿಡಿಯುವವರಿಗೆ ಒಂದು ಅನುಕೂಲ ತಾನಾಗಿಯೇ ಸಿಕ್ಕಿತು. ಒಂದೇ ಕ್ಲಚ್ಚನ್ನು ಎರಡು ದಾರಿಯಿಂದ ಪರೀಕ್ಷಿಸಬಹುದು. ಕೈಯಿಂದ ಕ್ಲಚ್ ಹಿಡಿದಾಗ ಗೇರ್ ಮೆತ್ತಗೆ ಬಿದ್ದು, ಬರೀ ಕಾಲಿನಿಂದ ಹಾಕಿದಾಗ ಕಿರುಗುಟ್ಟಿದರೆ ಆಟೋ ಕ್ಲಚ್ಚಿನ ಸ್ಕ್ರೂ ಹೊಂದಿಸಿದರೆ ಸಾಕು. ಎರಡರಲ್ಲೂ ಕಿರುಗುಟ್ಟಿದರೆ ಪ್ಲೇಟ್ ನೋಡಬೇಕು. ಕಾಯಿಲೆ ಎಲ್ಲಿದೆ ಎಂದು ತಿಳಿಯಲು ಒಂದು ದಾರಿ ಮುಚ್ಚಿ ಇನ್ನೊಂದು ದಾರಿಯಿಂದ ನೋಡುವ ಈ ಪದ್ಧತಿ ಜಾವಾ, ಯೆಜ್ಡಿ ಪಳಗಿಸಿದವರ ಕೈಯಲ್ಲಿ ಈಗಲೂ ಕಾಣುತ್ತದೆ.

ಅದೇ ಕಾಲದ ರಾಜದೂತ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೋಲೆಂಡಿನ ಎಸ್‌ಎಚ್‌ಎಲ್ ಗಾಡಿಯ ಮಾದರಿಯಲ್ಲಿ ಎಸ್ಕಾರ್ಟ್ಸ್ ಕಂಪನಿ ತಯಾರಿಸಿದ 175 ಸಿಸಿ, ಮೂರೇ ಗೇರ್, ಹಾಲಿನ ಕ್ಯಾನ್ ಹೊರಲು ಗಟ್ಟಿ. ಗೇರ್ ಕಡಿಮೆ ಇದ್ದಷ್ಟೂ ಒಂದರಿಂದ ಇನ್ನೊಂದಕ್ಕೆ ಅಂತರ ಹೆಚ್ಚು, ಅರ್ಧ ಕ್ಲಚ್ಚಿನಲ್ಲಿ ಎಳೆಯುವುದೂ ಹೆಚ್ಚು. ಗೇರ್ ಹೋಗಿದೆ ಎಂಬ ದೂರಿಗೆ ಮೊದಲು ನೋಡಬೇಕಾದದ್ದು ಅದರ ಕ್ಲಚ್ ಪ್ಲೇಟುಗಳನ್ನೇ.

ಈ ಕಾಲದ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಅದು ಪರ್ಮಿಟ್ ಮತ್ತು ಲೈಸೆನ್ಸಿನ ಕಾಲ. ಹೊಸ ಗಾಡಿಗೆ ಕಾಯಬೇಕು, ಸ್ಪೇರ್‌ಗೂ ಕಾಯಬೇಕು. ಹುಮನಾಬಾದಿನಲ್ಲಿ ಸಿಗದ ಸಾಮಾನಿಗೆ ಹೈದರಾಬಾದ್ ಇಲ್ಲವೇ ಸೊಲ್ಲಾಪುರದ ದಾರಿ ಹಿಡಿಯಬೇಕು. ಹಾಕಿ ನೋಡೋಣ, ಆಗದಿದ್ದರೆ ಇನ್ನೊಂದು ಹಾಕೋಣ ಎನ್ನುವ ಹಾಗಿರಲಿಲ್ಲ. ಬಸ್ ಹತ್ತುವ ಮೊದಲೇ ಯಾವ ಸಾಮಾನು ಹೋಗಿದೆ ಎಂದು ಖಾತ್ರಿ ಬೇಕು. ಹಳೆಯ ಮಿಸ್ತ್ರಿಗಳ ಜಾಣ್ಮೆಯನ್ನು ಹೊಗಳುವಾಗ ಅದರ ಹಿಂದಿದ್ದ ಈ ಬರಗಾಲವನ್ನು ನಾವು ಮರೆಯುತ್ತೇವೆ. ಆ ಜಾಣ್ಮೆ ಒಲವಿನಿಂದ ಬಂದದ್ದಕ್ಕಿಂತ ಅಭಾವದಿಂದ ಬಂದದ್ದೇ ಹೆಚ್ಚು ಎಂಬುದು ನಮ್ಮ ಅಭಿಪ್ರಾಯ.

ಆಮೇಲೆ 1985. ಹರಿಯಾಣದ ಧಾರುಹೇಡಾದಿಂದ ಹೀರೋ ಹೋಂಡಾ ಸಿಡಿ 100 ಬಂತು, ಅದೇ ವರ್ಷದ ಕೊನೆಗೆ ಯಮಹಾ ಆರ್‌ಎಕ್ಸ್ 100. ಯಮಹಾ ಟೂ ಸ್ಟ್ರೋಕೇ, ಹಾಗಾಗಿ ಮಿಸ್ತ್ರಿಗಳಿಗೆ ಪರಿಚಿತ ಲೋಕ. ತಲೆ ಕೆಡಿಸಿದ್ದು ಹೋಂಡಾ. ಫೋರ್ ಸ್ಟ್ರೋಕಿನಲ್ಲಿ ಇಂಜಿನ್, ಕ್ಲಚ್, ಗೇರ್ ಮೂರಕ್ಕೂ ಒಂದೇ ಎಣ್ಣೆ. ಒಲೆಯೂ ಒಂದಾಯಿತು. ಪೆಟ್ರೋಲ್ ಹಾಕಿ, ಮುಚ್ಚಿ, ಮರೆತುಬಿಡಿ ಎಂಬರ್ಥದ ಜಾಹೀರಾತನ್ನು ಜನ ಎಣ್ಣೆಗೂ ಅನ್ವಯಿಸಿಕೊಂಡರು. ಟೂ ಸ್ಟ್ರೋಕಿನಲ್ಲಿ ಎಣ್ಣೆ ಪ್ರತಿ ಸಲ ಪೆಟ್ರೋಲ್ ಜೊತೆ ಹೊಸದಾಗಿ ಬೀಳುತ್ತಿತ್ತು. ಇಲ್ಲಿ ಒಳಗಿದ್ದ ಎಣ್ಣೆ ಕರ‍್ರಗಾಗಿ, ಕಡಿಮೆಯಾಗಿ, ಇಂಜಿನ್ನಿನ ಮಸಿ ಗೇರಿನ ಬೇರಿಂಗಿಗೂ, ಕ್ಲಚ್ ಪ್ಲೇಟಿನ ಹುಡಿ ಇಂಜಿನ್ನಿಗೂ ಹೋಗತೊಡಗಿತು.

ಮಿಸ್ತ್ರಿಗಳು ಸೋತ ಸಾಕ್ಷಿ ಎಂದರೆ ಇದೇ ಎಣ್ಣೆ. ಮೊದಲು ಗೇರಿನ ಎಣ್ಣೆ ಬಸಿದು ಅಂಗೈಯಲ್ಲಿ ಉಜ್ಜಿ ಬಿಸಿಲಿಗೆ ಹಿಡಿದರೆ ಹೊಳೆಯುವ ಹುಡಿ ಗೇರಿನದು ಎಂದು ಧೈರ್ಯವಾಗಿ ಹೇಳಬಹುದಿತ್ತು. ಈಗ ಆ ಹೊಳಪು ಪಿಸ್ಟನ್ನಿನದೋ, ಕ್ಲಚ್ಚಿನದೋ, ಗೇರಿನದೋ? ಅದಕ್ಕೆ ಉಪಾಯವೂ ಹುಟ್ಟಿತು. ಹಳೆ ಸ್ಪೀಕರಿನ ಅಯಸ್ಕಾಂತ ಅದ್ದಿದರೆ ಉಕ್ಕಿನ ಚೂರು ಅಂಟುತ್ತದೆ, ಅಲ್ಯುಮಿನಿಯಂ ಅಂಟುವುದಿಲ್ಲ. ನುಣ್ಣನೆ ಹುಡಿ ಸ್ವಲ್ಪ ಅಂಟಿದರೆ ಹೆದರಬೇಕಿಲ್ಲ, ಅದು ದಿನನಿತ್ಯದ ಸವೆತ. ಉಗುರಿಗೆ ಸಿಗುವಂಥ ಚೂರು ಬಂದರೆ ಹಲ್ಲು ಮುರಿದಿದೆ. ಸುಟ್ಟ ವಾಸನೆ ಇದ್ದರೆ ಕ್ಲಚ್. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ. ಕಾರಿನ ಎಣ್ಣೆ ಹಾಕಿಸಿ ಕ್ಲಚ್ ಜಾರಿಸಿಕೊಂಡು ಬರುವವರೂ ಇರುತ್ತಾರೆ. ಕಾರಿನ ಎಣ್ಣೆಯಲ್ಲಿ ಜಾರಿಕೆ ಹೆಚ್ಚಿಸುವ ಮದ್ದು ಬೆರೆಸಿರುತ್ತಾರೆ, ಎಣ್ಣೆಯಲ್ಲೇ ಮುಳುಗಿರುವ ಬೈಕಿನ ಕ್ಲಚ್ಚಿಗೆ ಅದು ಆಗಿಬರುವುದಿಲ್ಲ. ಜಪಾನಿನವರು 1998ರಲ್ಲಿ ಇದಕ್ಕೆಂದೇ ಜಾಸೋ ಎಂಬ ಗುರುತು ತಂದರು. ಡಬ್ಬಿಯ ಮೇಲೆ ಜಾಸೋ ಎಂಎ ಇದೆಯೇ ಎಂದು ನೋಡಿ ಕೊಂಡರೆ ಎಷ್ಟೋ ಕ್ಲಚ್ ಪ್ಲೇಟ್ ಉಳಿಯುತ್ತವೆ.

ಒಂದೇ ಒಲೆಯ ಗಾಡಿಯಲ್ಲಿ ಗೇರನ್ನು ಕಣ್ಣಿಂದ ನೋಡಬೇಕೆಂದರೆ ಇಂಜಿನ್ ಫ್ರೇಮಿನಿಂದ ಇಳಿಸಬೇಕು, ಹೆಡ್ಡು, ಸಿಲಿಂಡರ್ ತೆಗೆಯಬೇಕು, ಕೇಸನ್ನು ಎರಡು ಹೋಳು ಮಾಡಬೇಕು. ಬುಲೆಟ್ಟಿನ ಡಬ್ಬಿ ತೆರೆದಷ್ಟು ಸುಲಭವಲ್ಲ. ಹೊರಗಿನ ಪರೀಕ್ಷೆಯ ಬೆಲೆ ಹೆಚ್ಚಿದ್ದು ಹೀಗೆ. ಅಲ್ಲಿ ಕಿವಿ ಕೆಲಸಕ್ಕೆ ಬರುತ್ತದೆ. 1816ರಲ್ಲಿ ಪ್ಯಾರಿಸಿನ ವೈದ್ಯ ಲಾನೆಕ್ ಕಾಗದ ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಸ್ಟೆತಸ್ಕೋಪಿನ ದಾರಿ ತೋರಿಸಿದ. ನಮ್ಮ ಗ್ಯಾರೇಜುಗಳಲ್ಲಿ ಅದೇ ಕೆಲಸವನ್ನು ಉದ್ದನೆಯ ಸ್ಕ್ರೂ ಡ್ರೈವರ್ ಮಾಡುತ್ತದೆ, ತುದಿ ಕೇಸಿನ ಮೇಲೆ, ಹಿಡಿಕೆ ಕಿವಿಯ ಬಳಿಯ ಎಲುಬಿಗೆ. ನ್ಯೂಟ್ರಲ್ಲಿನಲ್ಲಿ ಗಾಡಿ ಚಾಲೂ ಇಟ್ಟು ಗೊರಗೊರ ಶಬ್ದ ಕೇಳಿ, ಕ್ಲಚ್ ಹಿಡಿದ ಕೂಡಲೇ ಅದು ನಿಂತರೆ ಗೇರ್ ಬಾಕ್ಸಿನ ಮೊದಲ ಶಾಫ್ಟಿನ ಬೇರಿಂಗ್ ಮೇಲೆ ಅನುಮಾನ. ನ್ಯೂಟ್ರಲ್ಲಿನಲ್ಲೂ ಆ ಶಾಫ್ಟ್ ತಿರುಗುತ್ತಲೇ ಇರುತ್ತದೆ, ಕ್ಲಚ್ ಹಿಡಿದರೆ ಮಾತ್ರ ನಿಲ್ಲುತ್ತದೆ. ಕ್ಲಚ್ ಹಿಡಿದರೂ ಶಬ್ದ ಹೋಗದಿದ್ದರೆ ಗೇರಿಗೆ ಸಂಬಂಧವಿಲ್ಲ, ಇಂಜಿನ್ ಕಡೆ ನೋಡಿ.

ಗೇರ್ ತಾನಾಗಿ ಬಿಟ್ಟುಕೊಳ್ಳುವ ದೂರು ಇನ್ನೊಂದು. ಬಹಳ ಜನ ಹಲ್ಲು ಸವೆದಿದೆ ಎಂದುಕೊಳ್ಳುತ್ತಾರೆ. ಈಗಿನ ಬೈಕುಗಳಲ್ಲಿ ಗೇರುಗಳ ಹಲ್ಲು ಸದಾ ಒಂದಕ್ಕೊಂದು ಕೂಡಿಯೇ ಇರುತ್ತವೆ. ನಾವು ಲಿವರ್ ಒತ್ತಿದಾಗ ಸರಿಯುವುದು ಗೇರಿನ ಪಕ್ಕದಲ್ಲಿರುವ ಗಟ್ಟಿ ಮೊಳೆಗಳಂಥ ಡಾಗುಗಳು. ಅವುಗಳ ಮೂಲೆ ದುಂಡಗಾದರೆ ಭಾರ ಬಿದ್ದಾಗ ಹಿಡಿತ ಜಾರುತ್ತದೆ. ಒಂದೇ ಗೇರ್, ಉದಾಹರಣೆಗೆ ಎರಡನೆಯದು ಮಾತ್ರ ಬಿಟ್ಟುಕೊಂಡರೆ ಅದರ ಡಾಗು ಅಥವಾ ಫೋರ್ಕು. ಎಲ್ಲ ಗೇರೂ ಆಗೊಮ್ಮೆ ಈಗೊಮ್ಮೆ ತಪ್ಪಿದರೆ ಡ್ರಮ್ಮನ್ನು ಹಿಡಿದಿಡುವ ಸ್ಟಾಪರ್ ಸ್ಪ್ರಿಂಗು. ಆ ಸ್ಪ್ರಿಂಗ್ ಬಹಳ ಗಾಡಿಗಳಲ್ಲಿ ಕ್ಲಚ್ ಕವರಿನ ಒಳಗೇ ಸಿಗುತ್ತದೆ, ಕೇಸ್ ಹೋಳು ಮಾಡುವ ಅಗತ್ಯವಿಲ್ಲ. ಯಾವ ಗೇರು ಎಂದು ಗ್ರಾಹಕರನ್ನು ಕೇಳುವ ಮತ್ತು ಕೇಳದಿರುವ ಗ್ಯಾರೇಜಿನ ಬಿಲ್ಲಿನ ವ್ಯತ್ಯಾಸ ಇಲ್ಲಿ ಶುರುವಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ, ನಮ್ಮ ಎರಡು ಊರಿನ ಮಟ್ಟಿಗೆ ಗೇರಿನ ಮೇಲೆ ಬರುವ ಸುಳ್ಳು ಆರೋಪಗಳಲ್ಲಿ ದೊಡ್ಡ ಪಾಲು ಚೈನಿನದು. ಜಾವಾದ ಚೈನ್ ಪೂರ್ತಿ ಮುಚ್ಚಿದ ಕವರಿನೊಳಗೆ ಓಡುತ್ತಿತ್ತು. 2000ದ ನಂತರ ತರುಣರಿಗೆ ಹಿಡಿಸಿದ ಗಾಡಿಗಳಲ್ಲಿ ಚೈನ್ ಬಯಲಿಗೆ ಬಂತು. ಕಲ್ಯಾಣದ ಕಡೆಯ ಕರಿ ಮಣ್ಣು ಮಳೆಗಾಲದಲ್ಲಿ ಚೈನಿಗೆ ಮೆತ್ತಿ ಒಣಗಿದರೆ ಕಲ್ಲು. ಹುಮನಾಬಾದ್ ಕಡೆಯ ಕೆಂಪು ಧೂಳು ಎಣ್ಣೆಗೆ ಸೇರಿ ಸಾಣೆ ಹಿಡಿಯುವ ಪುಡಿಯಂತಾಗುತ್ತದೆ. ಕೊಂಡಿಗಳು ಕೆಲವು ಬಿಗಿದು ಕೆಲವು ಸಡಿಲಾದಾಗ ಗಾಡಿ ಎಳೆದು ಎಳೆದು ಓಡುತ್ತದೆ, ಸವಾರರಿಗೆ ಗೇರ್ ಜಂಪ್ ಆದಂತೆ ಅನಿಸುತ್ತದೆ. ಹಿಂದಿನ ಸ್ಪ್ರಾಕೆಟಿನ ಮೇಲಿನ ಚೈನನ್ನು ಬೆರಳಿಂದ ಹಿಂದಕ್ಕೆಳೆದರೆ ಹಲ್ಲಿನ ಅರ್ಧ ಕಾಣುವಷ್ಟು ಏಳಬಾರದು. ಹಲ್ಲುಗಳು ಒಂದೇ ಕಡೆ ಬಾಗಿ ಕೊಕ್ಕೆಯಂತಾಗಿದ್ದರೆ ಸೆಟ್ ಬದಲಿಸಬೇಕು. ಸಾಮಾನ್ಯ ಬೈಕಿನಲ್ಲಿ ಚೈನ್ ನಡುವೆ ಸುಮಾರು 20ರಿಂದ 30 ಮಿಲಿಮೀಟರ್ ಆಟ, ಕ್ಲಚ್ ಲಿವರಿನ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಆಟ ಇರಬೇಕು. ಹಿಂದಿನ ಗಾಲಿಯ ಹಬ್ಬಿನೊಳಗಿನ ರಬ್ಬರುಗಳು ಸವೆದರೂ ರೇಸ್ ಕೊಟ್ಟಾಗ, ಬಿಟ್ಟಾಗ ಧಡ್ ಎಂದು ಬಡಿಯುತ್ತದೆ, ಅದನ್ನೂ ಗೇರಿನ ಲೆಕ್ಕಕ್ಕೇ ಬರೆಯುತ್ತಾರೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಹಿಂದೆ ಅರ್ಧ ಕ್ಲಚ್ಚಿನಲ್ಲಿ ತೆವಳುವ, ಇಬ್ಬರ ಸೀಟಿನ ಮೇಲೆ ಮೂವರು, ಜೊತೆಗೊಂದು ಚೀಲ ಹೊರುವ ನಮ್ಮ ಗಾಡಿಗಳು ಇದೆಲ್ಲವನ್ನೂ ಬೇಗ ಕಾಣುತ್ತವೆ.

2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಬಂದು ಕಾರ್ಬೊರೇಟರ್ ಜಾಗಕ್ಕೆ ಇಂಜೆಕ್ಷನ್ ಬಂತು, ಅದರೊಂದಿಗೆ ಸ್ಕ್ಯಾನರ್. ವೈರ್ ಚುಚ್ಚಿದರೆ ಸೆನ್ಸಾರುಗಳ ದೂರು ಪರದೆ ಮೇಲೆ ಬರುತ್ತದೆ. ಗೇರಿನ ವಿಷಯದಲ್ಲಿ ಈ ಯಂತ್ರ ಹೆಚ್ಚೆಂದರೆ ಈಗ ಯಾವ ಗೇರಿನಲ್ಲಿದೆ ಎಂದು ಹೇಳೀತು. ಡಾಗು ದುಂಡಗಾಗಿದೆ, ಫೋರ್ಕ್ ಬಾಗಿದೆ ಎಂದು ಹೇಳುವ ಸೆನ್ಸಾರ್ ನಮ್ಮ ಬೈಕುಗಳಲ್ಲಿ ಇಲ್ಲ. ಪರದೆಯಲ್ಲಿ ಏನೂ ತೋರಿಸುತ್ತಿಲ್ಲ, ಆದ್ದರಿಂದ ಬಿಚ್ಚಿಯೇ ನೋಡಬೇಕು ಎಂಬ ಹೊಸ ವಾದ ಮಾತ್ರ ಹುಟ್ಟಿಕೊಂಡಿದೆ. ಈಗ ಸ್ಪೇರ್‌ಗೆ ಬರವಿಲ್ಲ. ಸಾಮಾನು ಬದಲಿಸುತ್ತ ಹೋಗಿ ದೋಷ ಹುಡುಕುವುದು ಗ್ಯಾರೇಜಿಗೆ ಸುಲಭ, ದುಡ್ಡು ಗ್ರಾಹಕರದು.

ಕಲಿಸುವ ದಾರಿಯೂ ಬದಲಾಗಿದೆ. ಹಿಂದೆ ಈ ವಿದ್ಯೆ ಹತ್ತು ಹನ್ನೆರಡರ ಹುಡುಗರಿಗೆ ಪಾನಾ ಕೊಡು, ಎಣ್ಣೆ ಹಿಡಿ ಎನ್ನುತ್ತ ದಾಟುತ್ತಿತ್ತು. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿ ಹದಿನಾಲ್ಕರ ಒಳಗಿನವರನ್ನು ಇಂಥ ಕಡೆ ದುಡಿಸುವಂತಿಲ್ಲ ಎಂದಿತು. ಸರಿಯಾದ ಕಾನೂನು, ನಮಗೆ ಅದರಲ್ಲಿ ಎರಡು ಮಾತಿಲ್ಲ. ಆ ಹುಡುಗರ ಕಿವಿ ತಯಾರಾದದ್ದು ಶಾಲೆ ಬಿಟ್ಟ ಬೆಲೆಗೆ. ಆದರೆ ಶಬ್ದ ಕೇಳಿ, ಎಣ್ಣೆ ಮೂಸಿ, ಪ್ರಶ್ನೆ ಕೇಳಿ ದೋಷ ಹಿಡಿಯುವ ಕ್ರಮವನ್ನು ಯಾರೂ ಬರೆದಿಡಲಿಲ್ಲ, ಕನ್ನಡದಲ್ಲಂತೂ ಇಲ್ಲವೇ ಇಲ್ಲ ಎನ್ನಬೇಕು. ಐಟಿಐ ಓದಿ ಬಂದ ಹುಡುಗರು ಗೇರಿನ ಚಿತ್ರ ಚೆನ್ನಾಗಿ ಬಿಡಿಸುತ್ತಾರೆ, ಗೊರಗೊರ ಯಾವುದು ಕಿರಕಿರ ಯಾವುದು ಎಂಬುದನ್ನು ಮತ್ತೆ ಗ್ಯಾರೇಜಿನಲ್ಲೇ ಕಲಿಯಬೇಕು.

ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮಾರುಕಟ್ಟೆಗೆ ಮರಳಿದವು. ಫೋರ್ ಸ್ಟ್ರೋಕ್, ಆರು ಗೇರ್. ಹಳೆಯ ಲಿವರಿಲ್ಲ, ಆಟೋ ಕ್ಲಚ್ ಇಲ್ಲ. ಮೈಸೂರಿನ ಕಾರ್ಖಾನೆ ಮುಚ್ಚಿದ 1996ರಲ್ಲಿ ಹದಿನೈದರ ಹುಡುಗನಾಗಿ ಆಟೋ ಕ್ಲಚ್ಚಿನ ಸ್ಕ್ರೂ ಹೊಂದಿಸುವುದನ್ನು ಕಲಿತವರಿಗೂ ಈಗ ನಲವತ್ತು ದಾಟಿದೆ. ಹಳೆ ಯೆಜ್ಡಿ ಇಟ್ಟುಕೊಂಡವರು ಆ ಸ್ಕ್ರೂ ತಿರುಗಿಸಿಸಿಕೊಳ್ಳಲು ಇಂಥವರ ಗ್ಯಾರೇಜನ್ನೇ ಹುಡುಕಿಕೊಂಡು ಹೋಗಬೇಕು.